ಸಂಬಳ ಜಾಸ್ತಿ ಮಾಡಿದರೆ ಅಂಗಡಿ ಮುಚ್ಚುತ್ತಾ? ಮೊದಲು ಗಂಟೆ ಎಣಿಸಿ

ಪ್ರಶ್ನೆ: ನನ್ನ ಮಗ ಬಿ.ಕಾಂ. ಮುಗಿಸಿ ಒಂದೂವರೆ ವರ್ಷದಿಂದ ಮೈಸೂರಿನ ಒಂದು ಬರ್ಗರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾನೆ. ತಿಂಗಳಿಗೆ 14,000. ಬೆಳಿಗ್ಗೆ ಹತ್ತೂವರೆಗೆ ಒಳಗೆ ಹೋದರೆ ಹೊರಗೆ ಬರೋದು ರಾತ್ರಿ ಹತ್ತಕ್ಕೆ. ಮಧ್ಯದಲ್ಲಿ ಊಟಕ್ಕೆ ಅರ್ಧ ಗಂಟೆ. ವಾರಕ್ಕೆ ಒಂದು ರಜೆ. ಸಂಬಳ ಸ್ವಲ್ಪ ಜಾಸ್ತಿ ಮಾಡಿ ಅಂತ ಕೇಳಿದ್ದಕ್ಕೆ ಮ್ಯಾನೇಜರ್, "ಅಮೆರಿಕದಲ್ಲಿ ಹೀಗೇ ಜಾಸ್ತಿ ಮಾಡಿ ಸಾವಿರಾರು ಜನರ ಕೆಲಸ ಹೋಯ್ತು, ನಿನಗೂ ಅದೇ ಆಗಬೇಕಾ?" ಅಂದರಂತೆ. ಇದು ನಿಜವಾ? ಅವನು ಕೇಳಿದ್ದು ತಪ್ಪಾ? — ಒಬ್ಬ ತಾಯಿ, ಮಂಡ್ಯ

ಉತ್ತರ:

ಅಮ್ಮಾ, ಕೇಳಿದ್ದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣಿಸಿದ್ದು ಆ ಅಳುಕು. ದುಡಿದವನು ಕೂಲಿ ಕೇಳೋದಕ್ಕೆ ಹೆದರಬೇಕಾಗಿಲ್ಲ.

ನಾನು ಹದಿನಾಲ್ಕು ವರ್ಷ ಮೈಸೂರಿನ ಹೋಟೆಲ್‌ಗಳಿಗೆ ಸಂಬಳದ ಲೆಕ್ಕ ಬರೆದವನು. ಆಮೇಲೆ ಆ ಕಡೆ ಬಿಟ್ಟು ಈ ಕಡೆ ಬಂದೆ, ಅಂದರೆ ಕೆಲಸಗಾರರ ಅರ್ಜಿ ಬರೆಯುವ ಕಡೆಗೆ. ಹಾಗಾಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ಕಷ್ಟವೂ ಗೊತ್ತು, ಫ್ರೈಯರ್ ಮುಂದೆ ನಿಂತವರ ಕಷ್ಟವೂ ಗೊತ್ತು. ಎರಡನ್ನೂ ಬರೆಯುತ್ತೇನೆ. ಆದರೆ ನಾನು ಯಾರ ಪರ ಅನ್ನೋದನ್ನು ಮುಚ್ಚಿಡಲ್ಲ.

ಮೊದಲು ಅಮೆರಿಕದ ವಿಷಯ. ಮ್ಯಾನೇಜರ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಅಲ್ಲಿ ಇದು ಶುರುವಾದದ್ದು 2012ರ ನವೆಂಬರ್‌ನಲ್ಲಿ. ನ್ಯೂಯಾರ್ಕ್‌ನಲ್ಲಿ ಸುಮಾರು 200 ಫಾಸ್ಟ್ ಫುಡ್ ಕೆಲಸಗಾರರು ಅಂಗಡಿ ಬಿಟ್ಟು ಬೀದಿಗೆ ಬಂದು ಗಂಟೆಗೆ 15 ಡಾಲರ್ ಕೊಡಿ ಅಂದರು. ಆಗ ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಲ್ಲಿ ನಿಗದಿಯಾದ ಆ ದರ ಆಮೇಲೆ ಏರಲೇ ಇಲ್ಲ. ಹಾಗಾಗಿ ರಾಜ್ಯಗಳೇ ಒಂದೊಂದಾಗಿ ತಮ್ಮ ದರ ಏರಿಸುತ್ತಾ ಬಂದವು. ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇಟ್ಟಿದ್ದು ಕ್ಯಾಲಿಫೋರ್ನಿಯಾ. 2024ರ ಏಪ್ರಿಲ್ 1ರಿಂದ ಅಲ್ಲಿ ಫಾಸ್ಟ್ ಫುಡ್ ಕೆಲಸಗಾರರಿಗೆ ಗಂಟೆಗೆ 20 ಡಾಲರ್ ಆಯ್ತು. ಬೇರೆ ಕೆಲಸಗಳಿಗೆ ಅದೇ ವರ್ಷ ಆ ರಾಜ್ಯದಲ್ಲಿ 16 ಡಾಲರ್ ಇತ್ತು. (ದಯವಿಟ್ಟು ಆ 20ನ್ನು ರೂಪಾಯಿಗೆ ಗುಣಿಸಿ ನೋಡಬೇಡಿ. ಅಲ್ಲಿನ ಮನೆ ಬಾಡಿಗೆಯನ್ನೂ ಗುಣಿಸಬೇಕಾಗುತ್ತೆ.)

ಇಲ್ಲೊಂದು ಮುಖ್ಯವಾದ ಮಾತಿದೆ, ಇದನ್ನು ಯಾರೂ ಹೇಳಲ್ಲ. ಆ 20 ಡಾಲರ್ ಎಲ್ಲ ಅಂಗಡಿಗೂ ಅಲ್ಲ. ದೇಶದಾದ್ಯಂತ 60 ಅಥವಾ ಅದಕ್ಕಿಂತ ಜಾಸ್ತಿ ಅಂಗಡಿ ಇರುವ ದೊಡ್ಡ ಬ್ರ್ಯಾಂಡ್‌ಗಳಿಗೆ ಮಾತ್ರ. ಗಂಡ ಹೆಂಡತಿ ಸೇರಿ ನಡೆಸುವ ಮೂಲೆಯಂಗಡಿಯನ್ನು ಆ ಕಾನೂನು ಮುಟ್ಟಲೇ ಇಲ್ಲ.

ಕೆಲಸ ಹೋಯ್ತಾ ಅಂದರೆ, ಅಲ್ಲಿನ ಅರ್ಥಶಾಸ್ತ್ರಜ್ಞರೇ ಇನ್ನೂ ಜಗಳ ಆಡುತ್ತಿದ್ದಾರೆ. ದರ ಜಾರಿಗೆ ಬರುವ ಮೊದಲೇ ಒಂದು ಪಿಜ್ಜಾ ಬ್ರ್ಯಾಂಡ್‌ನ ಫ್ರಾಂಚೈಸಿಗಳು 1,200ಕ್ಕೂ ಹೆಚ್ಚು ಡೆಲಿವರಿ ಡ್ರೈವರ್‌ಗಳನ್ನು ತೆಗೆಯುವುದಾಗಿ ಹೇಳಿದ್ದು ನಿಜ. ಬರ್ಕ್ಲಿ ವಿಶ್ವವಿದ್ಯಾಲಯದ ಮೈಕೆಲ್ ರೈಕ್ ಮತ್ತು ಜೊತೆಯವರು ಲೆಕ್ಕ ಹಾಕಿ, ಕೆಲಸ ಕಡಿಮೆಯಾದದ್ದು ಕಾಣಲಿಲ್ಲ, ತಿಂಡಿಯ ಬೆಲೆ ಮಾತ್ರ ಶೇಕಡಾ 3.7ರಷ್ಟು ಏರಿತು ಅಂದರು. 2025ರಲ್ಲಿ ಬೇರೆ ಅರ್ಥಶಾಸ್ತ್ರಜ್ಞರು ಇನ್ನೊಂದು ರೀತಿ ಲೆಕ್ಕ ಹಾಕಿ, ಬೇರೆ ರಾಜ್ಯಗಳಿಗೆ ಹೋಲಿಸಿದರೆ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 18,000 ಕೆಲಸ ಕಮ್ಮಿಯಾಗಿದೆ ಅಂದರು. ಅದು ಸುಮಾರು ಶೇಕಡಾ 3. ಎರಡನೆಯವರ ಮಾತೇ ಸರಿ ಅಂತ ಇಟ್ಟುಕೊಳ್ಳೋಣ. ಆಗಲೂ ನೂರು ಕೆಲಸದಲ್ಲಿ ಸುಮಾರು 97 ಉಳಿದವು, ಆ 97 ಜನರ ಕೈಗೆ ಬರುವ ಕೂಲಿ ಒಂದೇ ಸಲಕ್ಕೆ ಚೆನ್ನಾಗಿ ಏರಿತು. ಹೋದ ಆ ಮೂರು ಕೆಲಸವನ್ನು ಹಗುರವಾಗಿ ತಗೊಳ್ಳಬಾರದು, ಅವೂ ಯಾರದೋ ಮನೆಯ ಅನ್ನ. ಆದರೆ "ಏರಿಸಿದರೆ ಎಲ್ಲರ ಕೆಲಸ ಹೋಗುತ್ತೆ" ಅನ್ನೋ ಮಾತಿಗೆ ಇಲ್ಲಿ ಆಧಾರ ಇಲ್ಲ.

ಈ ಜಗಳ ಹಳೆಯದು. 1992ರಲ್ಲಿ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅನ್ನುವ ಇಬ್ಬರು ಗಡಿಯ ಎರಡೂ ಕಡೆಯ 410 ಫಾಸ್ಟ್ ಫುಡ್ ಅಂಗಡಿಗಳನ್ನು ಏರಿಕೆಗೆ ಮೊದಲೂ ಆಮೇಲೂ ವಿಚಾರಿಸಿದರು. ಕೂಲಿ ಏರಿದ ಕಡೆ ಕೆಲಸ ಕಡಿಮೆಯಾಗಿರಲಿಲ್ಲ. ಅಲ್ಲಿಯವರೆಗೆ ಪಠ್ಯಪುಸ್ತಕಗಳು ಹೇಳುತ್ತಿದ್ದುದಕ್ಕೆ ಇದು ತದ್ವಿರುದ್ಧ. ಆ ಲೆಕ್ಕ ತಪ್ಪು ಅಂತ ವಾದ ಮಾಡಿದವರೂ ಇದ್ದಾರೆ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಅಮೆರಿಕದ ಕಥೆ ಇಷ್ಟು ಸಾಕು. ಯಾಕೆಂದರೆ ನಿಮ್ಮ ಮಗನ ಸಮಸ್ಯೆ ಅಲ್ಲಿಯ ಸಮಸ್ಯೆಯೇ ಅಲ್ಲ.

ಅಲ್ಲಿ ಕೂಲಿ ಗಂಟೆಯ ಲೆಕ್ಕ. ಒಂದು ಗಂಟೆ ಜಾಸ್ತಿ ನಿಂತರೆ ಒಂದು ಗಂಟೆಯ ದುಡ್ಡು ಬರುತ್ತೆ. ನಮ್ಮಲ್ಲಿ ತಿಂಗಳ ಲೆಕ್ಕ. ಬಾಗಿಲು ತೆಗೆದಾಗಿಂದ ಕೊನೆಯ ಪಾರ್ಸೆಲ್ ಹೋಗುವವರೆಗೆ ನಿಲ್ಲಬೇಕು, ಬಟವಾಡೆ ದಿನ ಕೊಡೋದು ಮಾತ್ರ ಅಷ್ಟೇ. ಹಾಗಾಗಿ ನಮ್ಮ ಕಡೆ "ಸಂಬಳ ಎಷ್ಟು" ಅಂತ ಕೇಳಿದರೆ ಅರ್ಧ ಮಾತ್ರ ಕೇಳಿದ ಹಾಗೆ. "ಎಷ್ಟು ಗಂಟೆಗೆ" ಅನ್ನೋದನ್ನೂ ಕೇಳಬೇಕು.

ನಿಮ್ಮ ಮಗನ ಲೆಕ್ಕವನ್ನೇ ಹಾಕೋಣ, ಒಂದು ಕಾಗದ ಪೆನ್ನು ತಗೊಳ್ಳಿ. ಹತ್ತೂವರೆಯಿಂದ ಹತ್ತು, ಅಂದರೆ ಹನ್ನೊಂದೂವರೆ ಗಂಟೆ. ಊಟದ ಅರ್ಧ ಗಂಟೆ ಕಳೆದರೆ 11 ಗಂಟೆ ಕೆಲಸ. ತಿಂಗಳಿಗೆ 26 ದಿನ ಅಂದರೆ 286 ಗಂಟೆ. ಕಾನೂನಿನಲ್ಲಿ ವಾರಕ್ಕೆ 48 ಗಂಟೆ, ದಿನಕ್ಕೆ 8ರಂತೆ 26 ದಿನಕ್ಕೆ 208 ಗಂಟೆ. 14,000 ಅನ್ನೋದು ಈ 208 ಗಂಟೆಯ ಸಂಬಳ. ಒಂದು ಗಂಟೆಗೆ 67 ರೂಪಾಯಿ ಚಿಲ್ಲರೆ. ಉಳಿದ 78 ಗಂಟೆ ಓಟಿ, ಅಂದರೆ ಹೊತ್ತು ಮೀರಿ ಮಾಡಿದ ಕೆಲಸ. ಓಟಿಗೆ ಎರಡು ಪಟ್ಟು ಕೊಡಬೇಕು ಅಂತ ಕಾನೂನೇ ಹೇಳುತ್ತೆ. 78 ಗಂಟೆಗೆ ಎರಡು ಪಟ್ಟಿನಂತೆ ಸರಿಯಾಗಿ 10,500 ರೂಪಾಯಿ ಆಗುತ್ತೆ. ಅಂದರೆ ಸಂಬಳ ಒಂದು ಪೈಸೆ ಏರಿಸದೇ ಹೋದರೂ ಅವನ ಕೈಗೆ ತಿಂಗಳಿಗೆ 24,500 ಬರಬೇಕು. ಬರುತ್ತಿರೋದು 14,000.

ಇನ್ನೊಂದು ಸಲ ಓದಿ ಅಮ್ಮಾ. ಅವನು ಕೇಳುತ್ತಿರೋದು "ಜಾಸ್ತಿ" ಅಲ್ಲ. ಈಗಾಗಲೇ ದುಡಿದದ್ದು.

ನಾಳೆ ಮ್ಯಾನೇಜರ್ ಮನಸ್ಸು ಕರಗಿ 2,000 ಏರಿಸಿದರು ಅಂತ ಇಟ್ಟುಕೊಳ್ಳಿ. 16,000 ಆಯ್ತು, ಮನೆಯಲ್ಲಿ ಸಿಹಿ ಮಾಡುತ್ತೀರಿ. ಆದರೆ ಅದೇ 286 ಗಂಟೆಗೆ ಹಂಚಿದರೆ ಗಂಟೆಗೆ 56 ರೂಪಾಯಿ. ಎಂಟು ಗಂಟೆಯ ಲೆಕ್ಕದ 67ಕ್ಕಿಂತ ಇನ್ನೂ ಕಮ್ಮಿಯೇ. ನಾನು ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಯುಗಾದಿಗೆ ಸಾವಿರ ಏರಿಸೋದು, ಬೇಸಿಗೆ ರಜೆ ಬರುತ್ತಿದ್ದ ಹಾಗೆ ಅಂಗಡಿ ಮುಚ್ಚುವ ಹೊತ್ತನ್ನು ಒಂದು ಗಂಟೆ ಮುಂದಕ್ಕೆ ಹಾಕೋದು. ಹುಡುಗರು ಏರಿದ್ದನ್ನು ನೋಡುತ್ತಿದ್ದರು, ಹೋದದ್ದನ್ನು ನೋಡುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ ಒಂದೇ ಪೆನ್ನಿನಲ್ಲಿ ಒಂದೇ ಕೈಯಲ್ಲಿ "8" ಅಂತ ಬರೆದಿರುತ್ತಿತ್ತು. ಆ ಕೈ ನನ್ನದೇ. ಅದಕ್ಕಾಗಿ ನನಗೆ ಇವತ್ತಿಗೂ ಸಂಕಟ ಇದೆ.

ಒಂದು ದಸರಾ ರಾತ್ರಿ ನೆನಪಿದೆ. ದೀಪಾಲಂಕಾರ ನೋಡೋಕೆ ಬಂದ ಜನ ಬೀದಿ ತುಂಬಾ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಒಬ್ಬ ಹುಡುಗ, ನಾಗಮಂಗಲದ ಕಡೆಯವನು, ಫ್ರೈಯರ್ ಮುಂದೆ. ಎಣ್ಣೆ ಸಿಡಿದು ಮಣಿಕಟ್ಟಿನ ಮೇಲೆ ಬಿತ್ತು. ಅವನು ನಲ್ಲಿ ಕೆಳಗೆ ಕೈ ಹಿಡಿದ. ಹತ್ತು ಸೆಕೆಂಡೂ ಆಗಿರಲಿಲ್ಲ, ಮೇಲಿನ ಪರದೆಯಲ್ಲಿ ಆರ್ಡರ್‌ಗಳು ಕೆಂಪಾಗತೊಡಗಿದವು. ಕೈ ಒರೆಸಿಕೊಂಡು, ಅದೇ ಗ್ಲೌಸ್ ಹಾಕಿಕೊಂಡು, ಬುಟ್ಟಿ ಮತ್ತೆ ಎಣ್ಣೆಗೆ ಇಳಿಸಿದ. ರಾತ್ರಿ ಒಂದು ಗಂಟೆಗೆ ಗ್ಲೌಸ್ ತೆಗೆದಾಗ ಬೊಬ್ಬೆ ಒಡೆದು ಚರ್ಮ ಒಳಗೇ ಅಂಟಿಕೊಂಡಿತ್ತು. ಅವನಿಗೆ ಇಎಸ್ಐ (ಕೆಲಸಗಾರರ ಸರ್ಕಾರಿ ವಿಮೆ) ಕಾರ್ಡ್ ಇರಲಿಲ್ಲ. ಇದ್ದಿದ್ದರೆ ಚಿಕಿತ್ಸೆಗೆ ದುಡ್ಡು ಬೇಕಿರಲಿಲ್ಲ, ಕೈ ವಾಸಿಯಾಗುವವರೆಗೆ ಸಂಬಳದ ಶೇಕಡಾ 90ರಷ್ಟು ಇಎಸ್ಐ ಕಡೆಯಿಂದಲೇ ಬರುತ್ತಿತ್ತು.

ಈಗ ಮಾಲೀಕರ ಮಾತು. ಅವರು ಹೇಳೋದರಲ್ಲಿ ನಿಜ ಇಲ್ಲ ಅಂತಲ್ಲ. ಮುಖ್ಯರಸ್ತೆಯಲ್ಲಿ ಅಂಗಡಿ ಬಾಡಿಗೆ ಕೇಳಿದರೆ ತಲೆ ತಿರುಗುತ್ತೆ. ಡೆಲಿವರಿ ಆ್ಯಪ್‌ಗಳು ಪ್ರತಿ ಆರ್ಡರ್‌ನಲ್ಲೂ ದೊಡ್ಡ ತುಂಡು ಮುರಿದುಕೊಳ್ಳುತ್ತವೆ. ಶೇಕಡಾ 5ರ ಜಿಎಸ್‌ಟಿ ಕಟ್ಟುವ ಹೋಟೆಲ್‌ಗೆ, ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ, 2017ರ ನವೆಂಬರ್‌ನಿಂದ ಹೀಗೇ ಇದೆ. ದಸರಾ ಹತ್ತು ದಿನ ಜನ, ಆಮೇಲೆ ಪರೀಕ್ಷೆ ಕಾಲ ಬಂದರೆ ನೊಣ ಹೊಡೆಯೋದು. ನಿಮ್ಮ ಮಂಡ್ಯವನ್ನೇ ನೋಡಿ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯ್ತು, ಕಾರುಗಳು ಊರ ಹೊರಗಿನ ಬೈಪಾಸ್ ಹಿಡಿದವು, ಮದ್ದೂರು ಮಂಡ್ಯದ ಹಳೇ ರಸ್ತೆಯ ಹೋಟೆಲ್‌ಗಳಿಗೆ ವ್ಯಾಪಾರ ಬಿದ್ದುಹೋಯಿತು. ಅಲ್ಲಿ ಯಾರೂ ಕೂಲಿ ಏರಿಸಿರಲಿಲ್ಲ ಅನ್ನೋದನ್ನೂ ಗಮನಿಸಿ. ಅಂಗಡಿ ಸೋಲೋಕೆ ನೂರು ಕಾರಣ, ಆದರೆ ಬಾಯಿಗೆ ಮೊದಲು ಬರೋದು ಹುಡುಗರ ಸಂಬಳ. ಯಾಕೆಂದರೆ ಬಾಡಿಗೆಯವನ ಹತ್ತಿರ, ಆ್ಯಪ್‌ನವನ ಹತ್ತಿರ ಚೌಕಾಸಿ ನಡೆಯಲ್ಲ. ಹುಡುಗರ ಹತ್ತಿರ ನಡೆಯುತ್ತೆ.

ಸಂಬಳ ಏರಿಸಿದರೆ ಒಂದು ಬರ್ಗರ್ ಮೇಲೆ ಎಷ್ಟು ಬೀಳುತ್ತೆ ಅಂತ ಒಂದು ಅಂದಾಜು ಮಾಡೋಣ. ಇದು ಬರೀ ಉದಾಹರಣೆ, ನಿಮ್ಮ ಮಗನ ಅಂಗಡಿಯ ಲೆಕ್ಕ ಅಲ್ಲ. ದಿನಕ್ಕೆ 20,000 ವ್ಯಾಪಾರ ಆಗುವ ಅಂಗಡಿ, ತಿಂಗಳಿಗೆ 6 ಲಕ್ಷ. ಎಂಟು ಜನ ಕೆಲಸಕ್ಕೆ. ಒಬ್ಬೊಬ್ಬರಿಗೂ 3,000 ಏರಿಸಿದರೆ ಒಟ್ಟು 24,000. ಅಂದರೆ ವ್ಯಾಪಾರದಲ್ಲಿ ನೂರಕ್ಕೆ 4 ರೂಪಾಯಿ. ಪೂರ್ತಿ ಭಾರವನ್ನು ಗಿರಾಕಿ ಮೇಲೆ ಹಾಕಿದರೂ 100 ರೂಪಾಯಿ ಬರ್ಗರ್ 104 ಆಗುತ್ತೆ. ಕಾಳಿದಾಸ ರಸ್ತೆಯಲ್ಲಿ ಸಂಜೆ ಹೊತ್ತು ಗುಂಪು ಕಟ್ಟಿಕೊಂಡು ಬರುವ ಕಾಲೇಜು ಹುಡುಗರು ಆ 4 ರೂಪಾಯಿಗೆ ವಾಪಸ್ ಹೋಗುತ್ತಾರಾ? ಎಣ್ಣೆ ಬೆಲೆ ಏರಿದಾಗ, ಚೀಸ್ ಬೆಲೆ ಏರಿದಾಗ ಇದೇ ಅಂಗಡಿಗಳು ಬೋರ್ಡ್ ಮೇಲಿನ ದರ ಬದಲಾಯಿಸಿಯೇ ಇರುತ್ತವೆ. ಎಣ್ಣೆಗೆ ಏರಿಸಬಹುದು ಅಂದಮೇಲೆ ಎಣ್ಣೆ ಮುಂದೆ ನಿಲ್ಲುವವನಿಗೂ ಏರಿಸಬಹುದು.

ಓಟಿಯನ್ನು ಪೂರ್ತಿ ಕೊಡಬೇಕು ಅಂದರೆ ಇಷ್ಟು ಸುಲಭ ಅಲ್ಲ, ಅದನ್ನು ಒಪ್ಪುತ್ತೇನೆ. ಎಂಟು ಜನಕ್ಕೂ ತಿಂಗಳಿಗೆ ಹತ್ತು ಸಾವಿರದಂತೆ ಕೊಡಲು ಅಂಥ ಅಂಗಡಿಗೆ ಆಗಲ್ಲ. ಅದಕ್ಕೇ ಕಾನೂನು ಎರಡು ಪಟ್ಟು ಅಂತ ಇಟ್ಟಿರೋದು. ಓಟಿ ಮಾಡಿಸೋದು ದುಬಾರಿ ಆದರೆ ಮಾಲೀಕರು ಶಿಫ್ಟ್ ಮಾಡುತ್ತಾರೆ, ಇನ್ನಿಬ್ಬರನ್ನು ತಗೊಳ್ಳುತ್ತಾರೆ. ನಿಮ್ಮ ಮಗ ಎಂಟು ಗಂಟೆ ಕೆಲಸ ಮಾಡಿ, ಬೆಳಕಿರುವಾಗಲೇ ಮಂಡ್ಯದ ಬಸ್ ಹಿಡಿದು ಮನೆಗೆ ಬಂದು ಊಟ ಮಾಡಬಹುದು. ಸರಿಯಾಗಿ ನೋಡಿದರೆ ಇದರಿಂದ ಕೆಲಸ ಹೆಚ್ಚಾಗಬೇಕು, ಕಮ್ಮಿ ಅಲ್ಲ. ನನಗೆ ಪರಿಚಯದ ಒಬ್ಬ ಮಾಲೀಕರು ವಿಜಯನಗರದಲ್ಲಿ ಸಣ್ಣ ಅಂಗಡಿ ನಡೆಸುತ್ತಾರೆ. ಎರಡು ವರ್ಷದ ಹಿಂದೆ ಎರಡು ಶಿಫ್ಟ್ ಮಾಡಿದರು. ಮೊದಲ ಎರಡು ತಿಂಗಳು ಕಷ್ಟಪಟ್ಟರು. ಅದಕ್ಕೆ ಮೊದಲು ಪ್ರತಿ ತಿಂಗಳೂ ಯಾರಾದರೂ ಒಬ್ಬ ಹುಡುಗ ಹೇಳದೇ ಕೇಳದೇ ಬಿಟ್ಟು ಹೋಗುತ್ತಿದ್ದ, ಹೊಸಬನಿಗೆ ಕಲಿಸುವಾಗ ಸುಟ್ಟ ಮಾಲು, ತಪ್ಪು ಪಾರ್ಸೆಲ್, ಗಿರಾಕಿಗಳ ಬೈಗುಳ. ಈಗ ಅವರ ಹತ್ತಿರ ಅದೇ ಐದು ಜನ ಇದ್ದಾರೆ. "ಹುಡುಗರು ನಿಲ್ಲಲ್ಲ ಸಾರ್" ಅಂತ ಮೈಸೂರಿನ ಎಲ್ಲ ಮಾಲೀಕರೂ ಗೊಣಗುತ್ತಾರೆ. ನಿಲ್ಲುವ ಹಾಗೆ ಇಟ್ಟುಕೊಂಡರೆ ನಿಲ್ಲುತ್ತಾರೆ.

ಯಂತ್ರ ಬರುತ್ತೆ ಅನ್ನೋ ಬೆದರಿಕೆಯೂ ಇದೆ. ಕೂಲಿ ಏರಿಸದಿದ್ದರೂ ಯಂತ್ರ ಬರುತ್ತಿದೆ, ಟೇಬಲ್ ಮೇಲೆ ಅಂಟಿಸಿದ ಕ್ಯೂಆರ್ ಕೋಡ್ ನೋಡಿ. ಅದಕ್ಕೆ ಹೆದರಿ ಅರ್ಧ ಹೊಟ್ಟೆಗೆ ದುಡಿಯೋದರಲ್ಲಿ ಅರ್ಥ ಇಲ್ಲ.

ಹಾಗಾದರೆ ನ್ಯಾಯವಾದ ಸಂಬಳ ಎಷ್ಟು? ಇದಕ್ಕೆ ನಮ್ಮ ದೇಶದಲ್ಲಿ ಹಳೆಯ ಅಳತೆಗೋಲು ಇದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಒಪ್ಪಿದ್ದು. ದುಡಿಯುವವನೊಬ್ಬ ಮೂರು ಜನರ ಪಾಲಿನ ಊಟ ತರಬೇಕು, ಒಬ್ಬರಿಗೆ ದಿನಕ್ಕೆ 2,700 ಕ್ಯಾಲರಿ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ ಬೇರೆ, ಆಮೇಲೆ ಸೌದೆ ದೀಪಕ್ಕೆ ಅಂತ ಶೇಕಡಾ 20. ಆಮೇಲೆ ರೆಪ್ಟಕೋಸ್ ಬ್ರೆಟ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿಗೆ ಅಂತ ಇನ್ನೂ ಶೇಕಡಾ 25 ಸೇರಿಸಿತು. ಕನಿಷ್ಠ ಕೂಲಿ ಅಂದರೆ ಇದು. ಬದುಕಿರೋಕೆ ಎಷ್ಟು ಬೇಕೋ ಅಷ್ಟು. ಇಷ್ಟನ್ನೂ ಕೊಡಲಾಗದ ಉದ್ಯಮಕ್ಕೆ ನಡೆಯುವ ಹಕ್ಕೇ ಇಲ್ಲ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ ಹೇಳಿದೆ. 1982ರ ಏಷ್ಯಾಡ್ ಕಾರ್ಮಿಕರ (ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದವರ) ಪ್ರಕರಣದಲ್ಲಿ ಇನ್ನೂ ಗಟ್ಟಿಯಾಗಿ ಹೇಳಿತು. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿಕೊಳ್ಳೋದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಅಂತ.

ಕರ್ನಾಟಕದಲ್ಲಿ ಹೋಟೆಲ್ ಕೆಲಸಕ್ಕೆ ಕನಿಷ್ಠ ಕೂಲಿಯ ಪಟ್ಟಿ ಇದೆ. ಊರಿನ ವಲಯ ಮತ್ತು ಕೆಲಸದ ದರ್ಜೆ ನೋಡಿ ದರ. ಅದರ ಮೇಲೆ ತುಟ್ಟಿಭತ್ಯೆ, ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ. ಹೋದ ವರ್ಷದ ಅಂಕಿ ಹಿಡಿದುಕೊಂಡು ಹೋಗಬೇಡಿ, ಕಾರ್ಮಿಕ ಇಲಾಖೆಯಲ್ಲಿ ಈ ವರ್ಷದ್ದೇ ಕೇಳಿ ತಗೊಳ್ಳಿ. ಅಂಗಡಿ ಮೈಸೂರಿನಲ್ಲಿ ಇರೋದರಿಂದ ಮೈಸೂರಿನ ದರವೇ ಲೆಕ್ಕಕ್ಕೆ, ಅವನ ಮನೆ ಎಲ್ಲಿದ್ದರೂ ಸರಿ. ದೊಡ್ಡ ಬ್ರ್ಯಾಂಡ್ ಆಗಲಿ ಗೋಬಿ ಗಾಡಿ ಆಗಲಿ ಕನಿಷ್ಠ ಕೂಲಿ ಎಲ್ಲರಿಗೂ ಒಂದೇ. ಇಲ್ಲಿ ನನಗೆ ಕ್ಯಾಲಿಫೋರ್ನಿಯಾದ ದಾರಿ ಸರಿ ಅನ್ನಿಸುತ್ತೆ. ಕನಿಷ್ಠ ಎಲ್ಲರೂ ಕೊಡಲಿ, ಅದಕ್ಕಿಂತ ಮೇಲಿನದನ್ನು ನೂರಾರು ಅಂಗಡಿ ಇರುವ ಕಂಪನಿಗಳಿಂದ ಕೇಳೋಣ. ಗಾಡಿಯವನಿಗೂ ಕಂಪನಿಗೂ ಒಂದೇ ತಕ್ಕಡಿ ಬೇಡ.

2025ರ ನವೆಂಬರ್ 21ರಿಂದ ದೇಶದಲ್ಲಿ ಹೊಸ ವೇತನ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ನಿಮಗೆ ಉಪಯೋಗ ಆಗೋದು ಹೇಳುತ್ತೇನೆ. ತಿಂಗಳ ಸಂಬಳ ಮುಂದಿನ ತಿಂಗಳು 7ನೇ ತಾರೀಖಿನೊಳಗೆ ಬರಬೇಕು. ಸಂಬಳದ ಚೀಟಿ ಕೊಡಲೇಬೇಕು. ಓಟಿಗೆ ಎರಡು ಪಟ್ಟು. ಸಂಬಳದ ದರ ಎಷ್ಟು ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಬೇಕು. ಕೆಲಸ ಬಿಟ್ಟರೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಮಾಡಬೇಕು. ಪ್ಲೇಟ್ ಒಡೆದದ್ದಕ್ಕೆ, ತಪ್ಪು ಆರ್ಡರ್ ಹೋದದ್ದಕ್ಕೆ ಅಂತ ಅವನನ್ನು ಕೇಳದೆಯೇ ಮುರಿದುಕೊಳ್ಳುವ ಹಾಗಿಲ್ಲ, ದಂಡ ಒಟ್ಟು ಸೇರಿ ಸಂಬಳದ ಶೇಕಡಾ 3 ದಾಟಬಾರದು. ಬಾಕಿಗೆ ಅರ್ಜಿ ಹಾಕಲು 3 ವರ್ಷ ಕಾಲಾವಕಾಶ ಇದೆ, ಮೊದಲು ಕನಿಷ್ಠ ಕೂಲಿಯ ಬಾಕಿಗೆ ಬರೀ 6 ತಿಂಗಳು ಇತ್ತು. ಎಲ್ಲಕ್ಕಿಂತ ಮುಖ್ಯ, ಕೊಟ್ಟಿದ್ದೇನೆ ಅಂತ ಸಾಬೀತು ಮಾಡಬೇಕಾದವರು ಮಾಲೀಕರು. ಕೊಟ್ಟಿಲ್ಲ ಅಂತ ನಿಮ್ಮ ಮಗ ಸಾಬೀತು ಮಾಡಬೇಕಿಲ್ಲ.

ಹತ್ತು ಜನ ಇರುವ ಅಂಗಡಿ ಆದರೆ ಇಎಸ್ಐ, ಇಪ್ಪತ್ತು ಜನ ಆದರೆ ಪಿಎಫ್. ಇಎಸ್ಐಗೆ ಅವನ ಸಂಬಳದಿಂದ ಮುರಿಯೋದು ಶೇಕಡಾ 0.75 ಮಾತ್ರ, ಮಾಲೀಕರು 3.25 ಹಾಕುತ್ತಾರೆ. ಪಿಎಫ್ ಅಂತ ಮುರಿಯುತ್ತಿದ್ದರೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ನೋಡಲಿ. ಮುರಿದದ್ದು ಅಲ್ಲಿಗೆ ಹೋಗಿ ಸೇರಿದೆಯಾ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. "ನೀನಿನ್ನೂ ಟ್ರೈನಿ" ಅನ್ನೋ ಮಾತನ್ನು ನಂಬಬೇಡಿ. ಒಂದೂವರೆ ವರ್ಷ ಒಂದೇ ಫ್ರೈಯರ್ ಮುಂದೆ ನಿಂತವನು ಏನನ್ನು ಕಲಿಯುತ್ತಿದ್ದಾನೆ?

ಕೇಳಿದರೆ ಕೆಲಸದಿಂದ ತೆಗೆಯಲ್ವಾ ಅಂತ ನಿಮ್ಮ ಮನಸ್ಸಿನಲ್ಲಿದೆ. ತೆಗೆಯಬಹುದು. ಇದನ್ನು ಸುಮ್ನೆ ಮುಚ್ಚಿಟ್ಟು ಧೈರ್ಯ ಹೇಳಲ್ಲ. ಅದಕ್ಕೇ ಒಬ್ಬನೇ ಕೇಳೋದು ಬೇಡ. ಜೊತೆಯ ಮೂರು ನಾಲ್ಕು ಜನ ಸೇರಿ ಕೇಳಲಿ, ಜಗಳಕ್ಕೆ ನಿಂತ ಹಾಗೆ ಅಲ್ಲ, ಲೆಕ್ಕ ಮುಂದಿಟ್ಟು. ಕೇಳೋದಾದರೆ ದಸರಾಗೆ ಒಂದೂವರೆ ಎರಡು ತಿಂಗಳ ಮೊದಲು ಕೇಳಲಿ, ಆಗ ಯಾವ ಅಂಗಡಿಯೂ ಕೆಲಸ ಬಲ್ಲ ನಾಲ್ಕು ಕೈಗಳನ್ನು ಕಳೆದುಕೊಳ್ಳೋಕೆ ತಯಾರಿರಲ್ಲ. ಮೊದಲು ಕೇಳಬೇಕಾದದ್ದು ಸಾವಿರ ಎರಡು ಸಾವಿರ ಅಲ್ಲ, "ಎಂಟು ಗಂಟೆ ಆದಮೇಲೆ ಓಟಿ ಬರೆಯಿರಿ" ಅಂತ. ಒಪ್ಪದಿದ್ದರೆ ಮೈಸೂರಿನ ಕಾರ್ಮಿಕ ನಿರೀಕ್ಷಕರಿಗೆ ಬರೆದು ಕೊಡಬಹುದು. ಕೆಲಸ ಬಿಟ್ಟ ಮೇಲೂ ಕೊಡಬಹುದು, ಬಾಕಿ ಅವನ ಜೊತೆಗೇ ಇರುತ್ತೆ.

ಅದಕ್ಕೆಲ್ಲ ಮೊದಲು ಒಂದು ಕೆಲಸ ಇವತ್ತೇ ಶುರುಮಾಡಲಿ. ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿ ಇಟ್ಟುಕೊಳ್ಳಲಿ. ತಾರೀಖು, ಒಳಗೆ ಹೋದ ಹೊತ್ತು, ಊಟಕ್ಕೆ ಬಿಟ್ಟ ಹೊತ್ತು, ಹೊರಗೆ ಬಂದ ಹೊತ್ತು, ಇಷ್ಟೇ. ದಿನಾ ಅವನ ಕೈಯಲ್ಲೇ ಬರೆಯಲಿ. ವಾಟ್ಸಾಪ್ ಗುಂಪಿನಲ್ಲಿ ಶಿಫ್ಟ್ ಬಗ್ಗೆ ಬರುವ ಮೆಸೇಜ್ ಅಳಿಸಬಾರದು. ಬ್ಯಾಂಕ್ ಖಾತೆಗೆ ಸಂಬಳ ಬಿದ್ದದ್ದರ ಸ್ಟೇಟ್‌ಮೆಂಟ್ ತೆಗೆದಿಡಲಿ. ನಗದು ಕೊಡುತ್ತಿದ್ದರೆ ಖಾತೆಗೇ ಹಾಕಿ ಅಂತ ಕೇಳಲಿ. ಖಾಲಿ ಕಾಗದಕ್ಕೆ, ಗಂಟೆ ಬರೆಯದ ಹಾಜರಿ ಪುಸ್ತಕಕ್ಕೆ ಸಹಿ ಹಾಕಬಾರದು.

ಒಂದು ತಿಂಗಳ ಪುಟಗಳು ತುಂಬಿದ ಮೇಲೆ ಅವುಗಳ ಫೋಟೋ ತೆಗೆದು ನನಗೆ ಕಳಿಸಿ. ಎಷ್ಟು ಗಂಟೆ ಓಟಿ, ಎಷ್ಟು ಬಾಕಿ ಅಂತ ಕೂಡಿ, ಅರ್ಜಿಯ ನಮೂನೆಯ ಜೊತೆಗೆ ಬರೆದು ಕಳಿಸುತ್ತೇನೆ.